ಆಲ್‌ದೋ ಬಂದ ಮೇಲೆ ಬಟ್ ಯಾಕೆ ಬೇಡ?

ಓದುಗರ ಪ್ರಶ್ನೆ: "ಆಲ್‌ದೋ ಐ ವಾಸ್ ಟಯರ್ಡ್, ಬಟ್ ಐ ಫಿನಿಶ್ಡ್ ದ ವರ್ಕ್" ಅಂತ ಒಂದು ಮೇಲ್‌ನಲ್ಲಿ ಬರೆದಿದ್ದೆ. ಅದನ್ನು ಓದಿದವರು ಬಟ್ ತೆಗೆದುಬಿಡಿ ಅಂದರು. ತೆಗೆದು ಓದಿದರೆ ಏನೋ ಬಿಟ್ಟುಹೋದ ಹಾಗೆ ಅನ್ನಿಸುತ್ತದೆ. ಇದು ನಿಜವಾಗಿಯೂ ತಪ್ಪಾ?

ಹೌದು, ಅಲ್ಲಿ ಬಟ್ ಬರಬಾರದು. ಆದರೆ 'ಏನೋ ಬಿಟ್ಟುಹೋದ ಹಾಗೆ' ಅಂದಿರಲ್ಲ, ನನಗೆ ಅದೇ ಮುಖ್ಯವಾಗಿ ಕಂಡಿತು. ಅದು ನಿಮ್ಮ ದಡ್ಡತನವಲ್ಲ, ಕನ್ನಡಕ್ಕೆ ಪಳಗಿದ ಕಿವಿ. ಆ ಕಿವಿ ಅಲ್ಲಿ ಏನನ್ನು ಹುಡುಕುತ್ತಿದೆ ಅಂತ ತಿಳಿದರೆ ನಿಯಮ ಬಾಯಿಪಾಠ ಮಾಡುವ ಕಷ್ಟವೇ ಇರುವುದಿಲ್ಲ.

ಅದೇ ಮಾತನ್ನು ಕನ್ನಡದಲ್ಲಿ ಹೇಳಿ ನೋಡಿ. "ಸುಸ್ತಾಗಿದ್ದರೂ ಕೆಲಸ ಮುಗಿಸಿದೆ." ಅಥವಾ "ಸುಸ್ತಾಗಿತ್ತು, ಆದರೂ ಕೆಲಸ ಮುಗಿಸಿದೆ." ಎರಡರಲ್ಲೂ ಎರಡೆರಡು ಮಾತುಗಳಿವೆ. ಸುಸ್ತಾದದ್ದು ಒಂದು, ಕೆಲಸ ಮುಗಿಸಿದ್ದು ಇನ್ನೊಂದು. ಇವೆರಡನ್ನು ಕಟ್ಟುವ ಗಂಟು ಎಲ್ಲಿದೆ? ಮೊದಲ ವಾಕ್ಯದಲ್ಲಿ 'ಇದ್ದರೂ' ಅನ್ನುವುದರ ಕೊನೆಯ 'ಊ'ಕಾರದಲ್ಲಿ. ಎರಡನೆಯದರಲ್ಲಿ 'ಆದರೂ' ಅನ್ನುವ ಪದದಲ್ಲಿ. ಎರಡೂ ಸಲ ಗಂಟು ಬಿದ್ದಿರುವುದು ವಾಕ್ಯದ ನಡುವೆ.

ನಮ್ಮಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆ ಹೀಗೇ. ಬಂದರೆ, ಬಂದಾಗ, ಬಂದದ್ದರಿಂದ, ಬರುವವರೆಗೆ, ಬಂದ ಮೇಲೆ. ಕಟ್ಟುವ ತುಣುಕು ಮೊದಲ ಮಾತಿನ ಬಾಲದಲ್ಲಿರುತ್ತದೆ. ಬಾಲ ಮುಗಿದಲ್ಲಿ ಎರಡನೆಯ ಮಾತು ಶುರುವಾಗುತ್ತದೆ. ಹುಟ್ಟಿದಾಗಿನಿಂದ ಇದನ್ನೇ ಕೇಳಿದ ಕಿವಿ ಗಂಟಿಗಾಗಿ ಕಾಯುವುದು ನಡುವೆ.

ಇಂಗ್ಲಿಷ್ ಇದೇ ಕೆಲಸಕ್ಕೆ ಬಿಡಿ ಪದಗಳನ್ನು ಇಟ್ಟುಕೊಂಡಿದೆ. ಆಲ್‌ದೋ, ಬಿಕಾಸ್, ಇಫ್, ವೆನ್, ಅಂಟಿಲ್, ಅನ್‌ಲೆಸ್. ವ್ಯಾಕರಣದವರು ಇವನ್ನು ಸಬಾರ್ಡಿನೇಟಿಂಗ್ ಕಂಜಂಕ್ಷನ್ ಅನ್ನುತ್ತಾರೆ. ಒಂದು ಮಾತನ್ನು ಇನ್ನೊಂದರ ಆಸರೆಗೆ ಬಿಡುವ ಪದಗಳು ಇವು. ಇವು ಕೂರುವುದು ಮಾತಿನ ಬಾಲದಲ್ಲಲ್ಲ, ತಲೆಯಲ್ಲಿ. "ಆಲ್‌ದೋ ಐ ವಾಸ್ ಟಯರ್ಡ್" ಅಂತ ಬಾಯಿ ತೆರೆದಾಗಲೇ ಗಂಟು ಬಿದ್ದಾಯಿತು. ಇದು ಅರ್ಧ ಮಾತು, ಉಳಿದರ್ಧ ಬರಲಿದೆ ಅಂತ ಕೇಳುವವರಿಗೆ ಗೊತ್ತಾಗಿಬಿಟ್ಟಿದೆ. ನಡುವೆ ಇರುವುದು ಬರೀ ಒಂದು ಕಾಮಾ. ನಮ್ಮ ಕಿವಿಗೆ ಆ ಜಾಗ ಖಾಲಿ ಅನ್ನಿಸುತ್ತದೆ. ಸುಮ್ನೆ ಬಿಡಲು ಮನಸ್ಸಾಗದೆ ಅಲ್ಲೊಂದು ಬಟ್ ತಂದು ಕೂರಿಸುತ್ತೇವೆ.

ಕೂರಿಸಿದರೆ ಏನಾಗುತ್ತದೆ? ಬಟ್ ಇನ್ನೊಂದು ಜಾತಿಯ ಪದ. ಅದು ತಮ್ಮ ಕಾಲ ಮೇಲೆ ತಾವೇ ನಿಂತ ಎರಡು ಮಾತುಗಳನ್ನು ಜೋಡಿಸುತ್ತದೆ. ಆಲ್‌ದೋ ಹಾಕಿದ ಮೇಲೆ ಮೊದಲ ಮಾತು ಒಂಟಿಯಾಗಿ ನಿಲ್ಲಲಾರದು. ಎರಡನ್ನೂ ಬಳಸಿದರೆ ವಾಕ್ಯ ಕನ್ನಡದಲ್ಲಿ ಹೀಗಾಗುತ್ತದೆ: "ಸುಸ್ತಾಗಿದ್ದರೂ, ಆದರೆ ಕೆಲಸ ಮುಗಿಸಿದೆ." ಕಿವಿಗೆ ಚುಚ್ಚುತ್ತದೆ, ಅಲ್ವಾ? ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೆ ನಿಮ್ಮ ಮೇಲ್‌ನ ಸಾಲು ಚುಚ್ಚಿದ್ದು ಹೀಗೆಯೇ.

ಸರಿಮಾಡಲು ಎರಡರಲ್ಲಿ ಒಂದನ್ನು ಬಿಡಿ. "ಆಲ್‌ದೋ ಐ ವಾಸ್ ಟಯರ್ಡ್, ಐ ಫಿನಿಶ್ಡ್ ದ ವರ್ಕ್" ಸರಿ. "ಐ ವಾಸ್ ಟಯರ್ಡ್, ಬಟ್ ಐ ಫಿನಿಶ್ಡ್ ದ ವರ್ಕ್" ಕೂಡ ಸರಿ. ನಡುವಿನ ಖಾಲಿ ಜಾಗ ಇನ್ನೂ ಕಾಡಿದರೆ ನಾನು ಹೇಳುವ ದಾರಿ ಮೂರನೆಯದು, ಮಾತುಗಳನ್ನು ಅದಲುಬದಲು ಮಾಡಿ. "ಐ ಫಿನಿಶ್ಡ್ ದ ವರ್ಕ್ ಆಲ್‌ದೋ ಐ ವಾಸ್ ಟಯರ್ಡ್." ಈಗ ಆಲ್‌ದೋ ತಾನಾಗಿಯೇ ನಡುವೆ ಬಂತು. ಬಟ್ ಹಾಕೋಣ ಅಂತ ಅನ್ನಿಸುವುದೇ ಇಲ್ಲ.

ಬಿಕಾಸ್ ಮತ್ತು ಸೋ ಜೋಡಿಯದೂ ಇದೇ ಕಥೆ. "ಬಿಕಾಸ್ ದ ಬಸ್ ವಾಸ್ ಲೇಟ್, ಸೋ ಐ ಮಿಸ್ಡ್ ದ ಎಕ್ಸಾಮ್" ಅಂತ ಎಷ್ಟೋ ಜನ ಬರೆಯುತ್ತಾರೆ. 'ಬಸ್ ತಡವಾದ್ದರಿಂದ' ಅಂದ ಮೇಲೆ ಮತ್ತೆ 'ಹಾಗಾಗಿ' ಬೇಡ, ಸೋ ಬಿಡಿ. ಬಿಕಾಸ್ ಹುಟ್ಟಿದ ಬಗೆಯೂ ನಮಗೆ ಹತ್ತಿರದ್ದು. ಅದು ಬೈ ಮತ್ತು ಕಾಸ್ ಅನ್ನುವ ಎರಡು ಪದ ಕೂಡಿ ಆದದ್ದು. ಕಾಸ್ ಅಂದರೆ ಕಾರಣ. ನಾವೂ 'ಬಸ್ ತಡವಾದ ಕಾರಣ' ಅನ್ನುತ್ತೇವೆ. ಅರ್ಥ ಒಂದೇ, ಕೂತ ಜಾಗ ಮಾತ್ರ ಬೇರೆ. ನಮ್ಮ ಕಾರಣ ಮಾತಿನ ಕೊನೆಯಲ್ಲಿ, ಅವರದು ಮೊದಲಲ್ಲಿ. ಬಿಕಾಸ್ ನಡುವೆ ಬಂದಾಗ ನಾವು ಎಡವುವುದು ಕಡಿಮೆ, ಗಮನಿಸಿದ್ದೀರಾ? "ಐ ಮಿಸ್ಡ್ ದ ಎಕ್ಸಾಮ್ ಬಿಕಾಸ್ ದ ಬಸ್ ವಾಸ್ ಲೇಟ್" ಅಂತ ಸಲೀಸಾಗಿ ಹೇಳುತ್ತೇವೆ. ಅಲ್ಲಿ ನಮ್ಮ 'ಏಕೆಂದರೆ' ಕೂರುವ ಜಾಗದಲ್ಲೇ ಅದು ಕೂತಿದೆ.

ಬಿಕಾಸ್‌ನಿಂದ ವಾಕ್ಯ ಶುರುಮಾಡಲೇಬಾರದು ಅಂತ ಕೆಲವರಿಗೆ ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಅದು ತಪ್ಪು. ಶುರುಮಾಡಬಹುದು, ಅರ್ಧಕ್ಕೆ ನಿಲ್ಲಿಸಬಾರದು ಅಷ್ಟೆ. "ಬಿಕಾಸ್ ದ ಬಸ್ ವಾಸ್ ಲೇಟ್" ಅಂತ ಬರೆದು ಪೂರ್ಣವಿರಾಮ ಇಟ್ಟರೆ ಓದುವವರು ಕಾಯುತ್ತಾ ಉಳಿಯುತ್ತಾರೆ. ಯಾರೋ ಯಾಕೆ ಅಂತ ಕೇಳಿದಾಗ ಬಾಯಲ್ಲಿ ಅಷ್ಟೇ ಹೇಳಿದರೆ ತೊಂದರೆ ಇಲ್ಲ.

ಇಷ್ಟು ಓದಿದ ಮೇಲೆ ನಿಮಗೊಂದು ಅನುಮಾನ ಬರಬಹುದು. "ಇಫ್ ಇಟ್ ರೇನ್ಸ್, ದೆನ್ ವಿ ವಿಲ್ ಸ್ಟೇ" ಅನ್ನುತ್ತಾರಲ್ಲ, ಅಲ್ಲೂ ಎರಡು ಪದ ಇವೆಯಲ್ಲ? ಒಳ್ಳೆಯ ಅನುಮಾನವೇ. ಇಲ್ಲಿ ದೆನ್ ಗಂಟು ಹಾಕುತ್ತಿಲ್ಲ. 'ಆಗ', 'ಹಾಗಾದಲ್ಲಿ' ಅಂತ ಬೆರಳು ತೋರಿಸುತ್ತಿದೆ, ಅಷ್ಟೆ. ತೆಗೆದರೂ ನಡೆಯುತ್ತದೆ, ಇಟ್ಟರೂ ನಡೆಯುತ್ತದೆ. ನಿಮ್ಮ ಸಾಲಿನಲ್ಲೂ ಅಂಥ ಪದ ಒಂದನ್ನು ಇಡಬಹುದು. "ಆಲ್‌ದೋ ಐ ವಾಸ್ ಟಯರ್ಡ್, ಐ ಸ್ಟಿಲ್ ಫಿನಿಶ್ಡ್ ದ ವರ್ಕ್." ಸ್ಟಿಲ್ ಬಂದಾಗ ನೀವು ಬಟ್‌ನಲ್ಲಿ ಹುಡುಕುತ್ತಿದ್ದ ಒತ್ತು ಸಿಗುತ್ತದೆ, ವಾಕ್ಯವೂ ಕೆಡುವುದಿಲ್ಲ.

ಅನ್‌ಲೆಸ್ ವಿಷಯದಲ್ಲಿ ಮಾತ್ರ ಬೇರೆ ಎಚ್ಚರ ಬೇಕು. 'ನೀನು ಓದದ ಹೊರತು ಪಾಸಾಗುವುದಿಲ್ಲ' ಅನ್ನುವಾಗ ನಾವು 'ಓದದ' ಅಂತ ಇಲ್ಲವನ್ನು ಸೇರಿಸುತ್ತೇವೆ. ಅದನ್ನೇ ಹಿಡಿದು "ಅನ್‌ಲೆಸ್ ಯು ಡೋಂಟ್ ಸ್ಟಡಿ" ಅಂತ ಬರೆದರೆ ಅರ್ಥ ತಲೆಕೆಳಗಾಗುತ್ತದೆ. ಅನ್‌ಲೆಸ್‌ನ ಹೊಟ್ಟೆಯಲ್ಲೇ ಒಂದು 'ಇಲ್ಲ' ಇದೆ. "ಅನ್‌ಲೆಸ್ ಯು ಸ್ಟಡಿ" ಸಾಕು.

ಕನ್ನಡದ ಕಿವಿ ನೆರವಾಗುವ ಜಾಗವೂ ಒಂದಿದೆ. ನಾಳಿನ ಮಾತಾದರೂ ಇಂಗ್ಲಿಷ್‌ನಲ್ಲಿ ಸಾಮಾನ್ಯವಾಗಿ "ಇಫ್ ಇಟ್ ವಿಲ್ ರೇನ್" ಅನ್ನುವುದಿಲ್ಲ, "ಇಫ್ ಇಟ್ ರೇನ್ಸ್" ಅನ್ನುತ್ತಾರೆ. ವೆನ್, ಅಂಟಿಲ್ ಬಂದಾಗಲೂ ಹಾಗೇ. ವಿಲ್ ಬೇಕಿದ್ದರೆ ಅದು ಎರಡನೆಯ ಮಾತಿನಲ್ಲಿ ಬರುತ್ತದೆ. ವಿಚಿತ್ರ ಅನ್ನಿಸಿದರೆ ನಮ್ಮ ಮಾತನ್ನೇ ಕೇಳಿಸಿಕೊಳ್ಳಿ. "ನಾಳೆ ಮಳೆ ಬಂದರೆ ಮನೆಯಲ್ಲೇ ಇರುತ್ತೇವೆ." ನಾಳಿನ ಮಳೆ, ಆದರೂ 'ಬಂದ' ಅನ್ನುವ ಆಗಿಹೋದ ರೂಪ. ಮುಂದಿನದನ್ನು ಹೇಳುವ ಕೆಲಸವನ್ನು ನಾವೂ 'ಇರುತ್ತೇವೆ'ಗೆ ಬಿಟ್ಟುಬಿಟ್ಟಿದ್ದೇವೆ.