ಮೊದಲ ಸೀಸನ್‌ಗಳೇ ಯಾಕೆ ಹೆಚ್ಚು ಇಷ್ಟವಾಗುತ್ತವೆ?

ಸರಣಿಗಳ ಸ್ಕ್ರಿಪ್ಟ್ ಓದಿ ತಿದ್ದುವುದು ನನ್ನ ಕೆಲಸ. ಸೈನ್ಸ್ ಫಿಕ್ಷನ್ ನೋಡುವವರು ಸಿಕ್ಕಾಗಲೆಲ್ಲ ಒಂದೇ ಮಾತು ಕೇಳುತ್ತಾರೆ: ಮೊದಲೆರಡು ಸೀಸನ್ ಅಷ್ಟು ಚೆನ್ನಾಗಿತ್ತು, ಆಮೇಲೆ ಏನಾಯ್ತು? ಹಳೆಯದರ ಮೇಲಿನ ಮೋಹ ಅಂತ ಇದನ್ನು ತಳ್ಳಿಹಾಕುವವರೂ ಇದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಕತೆಯಲ್ಲಿ ಏನೋ ಬದಲಾಗಿದೆ ಅಂತ ನೋಡುಗರಿಗೆ ಸರಿಯಾಗಿಯೇ ಗೊತ್ತಾಗಿರುತ್ತದೆ.

ವಿಚಿತ್ರ ಪ್ರಕರಣಗಳ ಬೆನ್ನುಹತ್ತುವ ಇಬ್ಬರು ಎಫ್‌ಬಿಐ ತನಿಖಾಧಿಕಾರಿಗಳ ಅಮೆರಿಕನ್ ಸರಣಿ 'ದಿ ಎಕ್ಸ್-ಫೈಲ್ಸ್' ನೋಡಿ. 1993ರಲ್ಲಿ ಶುರುವಾಗಿ 2002ರವರೆಗೆ ಒಂಬತ್ತು ಸೀಸನ್ ನಡೆಯಿತು. ಮೊದಲ ಸೀಸನ್ನಿನಲ್ಲಿ 'ಐಸ್' ಅನ್ನುವ ಎಪಿಸೋಡ್ ಇದೆ. ಅಲಾಸ್ಕಾದ ಹಿಮದ ನಡುವೆ ಒಂದು ಸಂಶೋಧನಾ ಕೇಂದ್ರ. ಅಲ್ಲಿದ್ದ ವಿಜ್ಞಾನಿಗಳೆಲ್ಲ ಸತ್ತಿದ್ದಾರೆ. ಆಳದಿಂದ ಕೊರೆದು ತೆಗೆದ ಮಂಜುಗಡ್ಡೆಯಲ್ಲಿ ಒಂದು ಹುಳು ಇದೆ. ಅದು ಮೈಯೊಳಗೆ ಸೇರಿದವರು ರೊಚ್ಚಿಗೇಳುತ್ತಾರೆ, ಕೊಲ್ಲಲೂ ಹೇಸುವುದಿಲ್ಲ. ಯಾರೊಳಗೆ ಸೇರಿದೆ ಅಂತ ಗೊತ್ತಿಲ್ಲ. ತನಿಖೆಗೆ ಬಂದ, ಈಗಷ್ಟೇ ಒಬ್ಬರನ್ನೊಬ್ಬರು ನಂಬಲು ಕಲಿಯುತ್ತಿರುವ ಆ ಇಬ್ಬರು ಅಧಿಕಾರಿಗಳು, ಮಲ್ಡರ್ ಮತ್ತು ಸ್ಕಲಿ, ಎದುರುಬದುರು ಪಿಸ್ತೂಲು ಹಿಡಿದು ನಿಲ್ಲುತ್ತಾರೆ. ಕೊನೆಗೆ ಆ ಕೇಂದ್ರವನ್ನೇ ಯಾರೋ ಸುಟ್ಟುಹಾಕುತ್ತಾರೆ. ಹುಳು ಬೇರೆ ಲೋಕದಿಂದ ಬಂದಿದ್ದಾ? ಮಲ್ಡರ್‌ಗೆ ಒಂದು ಊಹೆ ಇದೆ, ಅಷ್ಟೇ.

ಎಷ್ಟು ಕಡಿಮೆ ಸಾಮಗ್ರಿಯಲ್ಲಿ ಇದನ್ನು ಕಟ್ಟಿದ್ದಾರೆ ನೋಡಿ. ಬಹುಪಾಲು ಕತೆ ಒಂದೇ ಕಟ್ಟಡದೊಳಗೆ ನಡೆಯುತ್ತದೆ. ನಿಯಮವೂ ಒಂದೇ: ಹುಳು ಒಳಗೆ ಸೇರಿದವರನ್ನು ನಂಬುವಂತಿಲ್ಲ. ಅದನ್ನು ನೋಡುಗ ಬೇಗ ಕಲಿತುಕೊಳ್ಳುತ್ತಾನೆ, ಆಮೇಲೆ ಪಾತ್ರಗಳ ಜೊತೆ ತಾನೂ ಲೆಕ್ಕ ಹಾಕುತ್ತಾನೆ. ಇವನೊಳಗಿದೆಯಾ, ಅವಳೊಳಗಿದೆಯಾ? ಈ ಲೆಕ್ಕಾಚಾರವೇ ಸೈನ್ಸ್ ಫಿಕ್ಷನ್ನಿನ ಜೀವ ಅಂತ ನಾನು ನಂಬಿದ್ದೇನೆ. ಹಿಂದಿನದು ಏನೂ ಗೊತ್ತಿಲ್ಲದವರೂ ಕೂತು ನೋಡಬಹುದು.

ಅದೇ ಸರಣಿಯಲ್ಲಿ ಅನ್ಯಗ್ರಹದವರ, ಸರ್ಕಾರದ ಪಿತೂರಿಯ ದೊಡ್ಡ ಎಳೆಯೊಂದಿತ್ತು. ಜನ ಬೇಸತ್ತಿದ್ದು ಅಲ್ಲಿ. ಕಾರಣ ಬರೆಯುವವರ ಸೋಮಾರಿತನ ಅಲ್ಲ. ಸರಣಿ ಯಾವಾಗ ಮುಗಿಯುತ್ತದೆ ಅಂತ ಅವರಿಗೇ ಗೊತ್ತಿರುವುದಿಲ್ಲ. ಜನ ನೋಡುವಷ್ಟು ದಿನ ಚಾನೆಲ್‌ಗೆ ಅದು ಬೇಕು. ಪೂರ್ತಿ ಉತ್ತರ ಕೊಟ್ಟರೆ ಕತೆ ಮುಗಿಯುತ್ತದೆ, ಕೊಡದಿದ್ದರೆ ಜನ ಸಿಟ್ಟಾಗುತ್ತಾರೆ. ಹಾಗಾಗಿ ಅರ್ಧ ಉತ್ತರ ಕೊಟ್ಟು, ಅದರ ಹಿಂದೆ ಇನ್ನೂ ದೊಡ್ಡ ಗುಟ್ಟೊಂದನ್ನು ಇಡುತ್ತಾರೆ. ಕೊಟ್ಟ ಒಂದೊಂದು ಅರ್ಧ ಉತ್ತರವನ್ನೂ ಮುಂದೆ ಬರೆಯುವವರು ನೆನಪಿಟ್ಟುಕೊಳ್ಳಬೇಕು. ಆರನೇ ವರ್ಷದ ಹೊತ್ತಿಗೆ ಇಬ್ಬರು ಮಾತಾಡುವ ಸಣ್ಣ ದೃಶ್ಯಕ್ಕೂ ಹಿಂದಿನದನ್ನೆಲ್ಲ ತಡಕಬೇಕಾಗುತ್ತದೆ. ಮಾತಿನಲ್ಲಿ ವಿವರಣೆ ಜಾಸ್ತಿಯಾಗುತ್ತದೆ. ಭಯಕ್ಕೆ ಜಾಗವೇ ಉಳಿಯುವುದಿಲ್ಲ.

ಜಾಗದ ವಿಷಯವೂ ಇದೆ. ಮೊದಲ ಐದು ಸೀಸನ್ ಚಿತ್ರೀಕರಣ ಕೆನಡಾದ ವ್ಯಾಂಕೂವರ್‌ನಲ್ಲಿ ನಡೆಯಿತು. ಆರನೆಯದರಿಂದ ಲಾಸ್ ಏಂಜಲೀಸ್‌ಗೆ ಬಂತು. ಒದ್ದೆ ಕಾಡು, ಮೋಡದ ಮಂಕು ಬೆಳಕು ಹೋಗಿ ಬಿಸಿಲು ಬಂತು. ಪರದೆ ಮೇಲೆ ಇದು ಎದ್ದು ಕಾಣುತ್ತದೆ.

ಹಾಗಾದರೆ ಕೊನೆಯನ್ನು ಮೊದಲೇ ನಿರ್ಧರಿಸಿದರೆ ಸಾಕಲ್ವಾ? ಬಾಹ್ಯಾಕಾಶ ನಿಲ್ದಾಣವೊಂದರ ಕತೆ ಹೇಳುವ 'ಬ್ಯಾಬಿಲಾನ್ 5' ಸರಣಿ ಹಾಗೇ ಮಾಡಿತು. ಐದು ವರ್ಷದ ಕತೆಯನ್ನು ಮೊದಲೇ ಯೋಜಿಸಿ, ಹೆಚ್ಚಿನ ಎಪಿಸೋಡ್‌ಗಳನ್ನು ಜೆ. ಮೈಕಲ್ ಸ್ಟ್ರಾಜಿನ್ಸ್ಕಿ ಒಬ್ಬರೇ ಬರೆದರು. ನಾಲ್ಕನೇ ವರ್ಷಕ್ಕೇ ನಿಂತುಹೋಗುತ್ತದೆ ಅನ್ನುವ ಭಯ ಬಂದಾಗ ದೊಡ್ಡ ಯುದ್ಧಗಳನ್ನೆಲ್ಲ ಆ ಸೀಸನ್ನಿನಲ್ಲೇ ಮುಗಿಸಿಬಿಟ್ಟರು. ಆಮೇಲೆ ಬೇರೆ ಚಾನೆಲ್ ಐದನೆಯದಕ್ಕೆ ಒಪ್ಪಿತು. ಆಗ ಹೇಳಲು ಉಳಿದಿದ್ದು ಕಡಿಮೆ. ಆ ಸರಣಿಯ ಬಗ್ಗೆ ನನಗೆ ತುಂಬಾ ಗೌರವವಿದೆ, ಆದರೆ ಐದನೇ ಸೀಸನ್ನಿನ ಸಡಿಲತನ ಮುಚ್ಚಿಡುವಂಥದ್ದಲ್ಲ.

ಇದಕ್ಕೆ ಉಲ್ಟಾ ನಡೆದದ್ದೂ ಉಂಟು. 1987ರಲ್ಲಿ ಶುರುವಾದ 'ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್' ಚೆನ್ನಾಗಿ ಕುದುರಿದ್ದು ಮೂರನೇ ಸೀಸನ್ನಿನಿಂದ ಅಂತ ಅಭಿಮಾನಿಗಳೇ ಹೇಳುತ್ತಾರೆ. ಆ ಸೀಸನ್ನಿನಲ್ಲಿ ಬರವಣಿಗೆಯ ಹೊಣೆ ಹೊತ್ತ ಮೈಕಲ್ ಪಿಲ್ಲರ್ ಕತೆಗಳನ್ನು ಪಾತ್ರಗಳ ಕಡೆ ತಿರುಗಿಸಿದರು. ಈ ವಾರದ ತೊಂದರೆ ಬಾಹ್ಯಾಕಾಶ ಹಡಗಿನಲ್ಲಿರುವ ಯಾರಿಗೆ ಹೆಚ್ಚು ಚುಚ್ಚುತ್ತದೆ ಅನ್ನುವುದು ಮುಖ್ಯವಾಯಿತು. ಅಲ್ಲಿ ಹಿಗ್ಗಿಸಲೇಬೇಕಾದ ದೊಡ್ಡ ಗುಟ್ಟೇ ಇರಲಿಲ್ಲ. ಹಾಗಾಗಿ ಪಾತ್ರಗಳ ಪರಿಚಯ ಹೆಚ್ಚಿದಷ್ಟೂ ಕತೆಗೆ ಲಾಭವೇ ಆಯಿತು.

ನಾಲ್ಕನೇ, ಐದನೇ ಸೀಸನ್ನಿನ ಸ್ಕ್ರಿಪ್ಟ್ ಬಂದಾಗ ನಾನು ಮೊದಲು ಹುಡುಕುವುದು 'ನಿನಗೆ ನೆನಪಿದೆಯಾ' ಅಂತ ಶುರುವಾಗುವ ಮಾತುಗಳನ್ನು. ಅಂಥವು ಪುಟಪುಟಕ್ಕೂ ಸಿಕ್ಕರೆ ಬರೆದವರನ್ನು ಕೇಳುತ್ತೇನೆ: ಹಿಂದಿನದು ಯಾವುದನ್ನೂ ನೋಡದವರು ಇವತ್ತಿನ ಎಪಿಸೋಡ್‌ನಲ್ಲಿ ಯಾವುದಕ್ಕೆ ಹೆದರಬೇಕು?