ಸಾವಿರ ಪೇಪರ್‌ಗಳಲ್ಲಿ ನಿಮ್ಮದು ಯಾವುದು?

ಭಾನುವಾರ ಮಾಟುಂಗಾದಲ್ಲಿ ಒಂದು ಕನ್ನಡ ಕಾರ್ಯಕ್ರಮ ಮುಗಿಸಿ ಕಾಫಿ ಕುಡಿಯುತ್ತಿದ್ದೆ. ಕಿಂಗ್ಸ್ ಸರ್ಕಲ್ ಹತ್ತಿರ ಹೋಟೆಲ್ ನಡೆಸುವ ಪರಿಚಯದವರೊಬ್ಬರು ಮಗಳ ಜೊತೆ ಬಂದು ಕೂತರು. ಹುಡುಗಿ ಎಂ.ಎಸ್ಸಿ. ಫಿಸಿಕ್ಸ್ ಕೊನೆಯ ವರ್ಷದಲ್ಲಿದ್ದಾಳೆ. ಪಿಎಚ್.ಡಿ.ಗೆ ಗೈಡ್ ಹುಡುಕುತ್ತಿದ್ದಾಳೆ. ಅಪ್ಪ ಮೊಬೈಲಿನಲ್ಲಿ ನನ್ನ ಸಂಶೋಧನಾ ಪೇಪರ್‌ಗಳ ಪಟ್ಟಿ ತೆಗೆದು ತೋರಿಸಿದರು.

"ಸರ್, ಸಾವಿರಕ್ಕಿಂತ ಜಾಸ್ತಿ ಇದೆ ಇಲ್ಲಿ. ವಾರಕ್ಕೊಂದು ಬರೆದರೂ ಇಪ್ಪತ್ತು ವರ್ಷ ಬೇಕಲ್ವಾ?"

ಲೆಕ್ಕ ಸರಿ. ಆದರೆ ಅಷ್ಟನ್ನೂ ಬರೆದವನು ನಾನಲ್ಲ. ಗೈಡ್ ಹುಡುಕುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಇದು ಗೊತ್ತಿರಬೇಕು.

ನಾನು ಕೆಲಸ ಮಾಡುವುದು ಸಿಎಂಎಸ್ ಪ್ರಯೋಗದಲ್ಲಿ. ಜಿನೀವಾ ಹತ್ತಿರ, ಸರ್ನ್ ಎಂಬ ಕಣ ಭೌತಶಾಸ್ತ್ರ ಪ್ರಯೋಗಾಲಯದ ನೆಲದಡಿಯ ಗುಹೆಯಲ್ಲಿ ಕೂತಿರುವ, ಕಣಗಳನ್ನು ಗುರುತಿಸುವ 14,000 ಟನ್ ತೂಕದ ಡಿಟೆಕ್ಟರ್ ಅದು. ಒಬ್ಬರು, ಹತ್ತು ಜನರು ಕಟ್ಟುವ ವಸ್ತುವಲ್ಲ. ಅದಕ್ಕೇ ಅಲ್ಲಿಂದ ಬರುವ ಪ್ರತಿ ಪೇಪರ್‌ಗೂ ಎಲ್ಲರ ಹೆಸರು ಹಾಕುತ್ತೇವೆ. ಸಿಎಂಎಸ್ ತಂಡದ ಪೇಪರ್‌ಗಳು 2020ರಲ್ಲೇ ಸಾವಿರ ಮುಟ್ಟಿದವು. 2015ರಲ್ಲಿ ಸರ್ನ್‌ನ ಇನ್ನೊಂದು ಪ್ರಯೋಗವಾದ ಅಟ್ಲಾಸ್ ಮತ್ತು ಸಿಎಂಎಸ್ ಸೇರಿ ಹಿಗ್ಸ್ ಕಣದ ದ್ರವ್ಯರಾಶಿಯ ಬಗ್ಗೆ ಒಂದು ಪೇಪರ್ ಕೊಟ್ಟವು. ಲೇಖಕರು 5,154. ಒಟ್ಟು 33 ಪುಟ. ಅದರಲ್ಲಿ 24 ಪುಟ ಬರೀ ಹೆಸರು ಮತ್ತು ಸಂಸ್ಥೆಗಳು.

ಹೋಟೆಲಿನವರು ಥಟ್ಟನೆ ಹಿಡಿದರು. "ಅಂದ್ರೆ ಹಿಟ್ಟು ರುಬ್ಬಿದವರು, ದೋಸೆ ಹೊಯ್ದವರು, ಲೋಟ ತೊಳೆದವರು, ಎಲ್ಲರ ಹೆಸರೂ ಬಿಲ್ಲಿನ ಮೇಲೆ!"

ಹೌದು, ಹಾಗೇ. ಅದು ನ್ಯಾಯ ಅಂತಲೇ ನನ್ನ ಅಭಿಪ್ರಾಯ. ಹೆಸರು ಪುಕ್ಕಟೆ ಸಿಗುವುದೂ ಇಲ್ಲ. ಹೊಸಬರು ತಿಂಗಳುಗಟ್ಟಲೆ ಪ್ರಯೋಗದ ಸೇವೆ ಮಾಡಿದ ಮೇಲೆಯೇ ಪಟ್ಟಿಗೆ ಸೇರುತ್ತಾರೆ. ತೀರಿಹೋದವರ ಹೆಸರನ್ನೂ ತಕ್ಷಣ ತೆಗೆಯುವುದಿಲ್ಲ. ಪಕ್ಕದಲ್ಲಿ ಒಂದು ಸಣ್ಣ ಶಿಲುಬೆ ಗುರುತು ಹಾಕುತ್ತೇವೆ. ನನ್ನ ಜೊತೆ ರಾತ್ರಿ ಶಿಫ್ಟ್ ಕೂತವರ ಹೆಸರಿನ ಮುಂದೆ ಆ ಗುರುತು ಕಂಡಾಗ ಓದುವುದು ಅಲ್ಲೇ ನಿಂತುಬಿಡುತ್ತದೆ.

ಹಾಗಾಗಿ "ಮೊದಲ ಲೇಖಕ" ಎಂಬ ಮಾತಿಗೂ ನಮ್ಮಲ್ಲಿ ಅರ್ಥವಿಲ್ಲ. ಸಿಎಂಎಸ್ ಪಟ್ಟಿ ದೇಶಗಳ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಬರುತ್ತದೆ. ಅದಕ್ಕೇ ಮೊದಲಿಗೆ ಅರ್ಮೇನಿಯಾದ ವಿಜ್ಞಾನಿಗಳು. ಇದು ಹೊಸ ಪದ್ಧತಿಯೂ ಅಲ್ಲ. 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋ ಎಂಬ ಕಣಗಳ ಸುಳಿವು ಸಿಕ್ಕಿತು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್), ಜಪಾನಿನ ಒಸಾಕಾ, ಇಂಗ್ಲೆಂಡಿನ ಡರಮ್ ತಂಡಗಳು ಸೇರಿ ಮಾಡಿದ ಕೆಲಸ. ಆ ಪೇಪರ್‌ಗೆ 11 ಲೇಖಕರು. ಮೊದಲ ಹೆಸರು ಆಚಾರ್, ಯಾಕಂದ್ರೆ ಅದು ಇಂಗ್ಲಿಷಿನ ಎ ಅಕ್ಷರದ್ದು. ಎಂ.ಜಿ.ಕೆ. ಮೆನನ್ ಆಮೇಲೆ ಬರುತ್ತಾರೆ. ಮೈಸೂರು ಸೀಮೆಯವರಾದ ಬಿ.ವಿ. ಶ್ರೀಕಂಠನ್ ಟಿಐಎಫ್‌ಆರ್ ಹೆಸರುಗಳಲ್ಲಿ ಕೊನೆಯವರು. ಮುಂದೆ ಮೆನನ್ ಅವರೂ ಇವರೂ ಆ ಸಂಸ್ಥೆಯ ನಿರ್ದೇಶಕರಾದರು.

ಹಾಗಾದರೆ ಒಬ್ಬರ ಸ್ವಂತ ಕೆಲಸ ಎಲ್ಲಿ ಕಾಣುತ್ತದೆ? ಪಿಎಚ್.ಡಿ. ಪ್ರಬಂಧದಲ್ಲಿ. ತಂಡದೊಳಗೆ ಓಡಾಡುವ ಟಿಪ್ಪಣಿಗಳಲ್ಲಿ. ಡಿಟೆಕ್ಟರ್ ತಯಾರಿಕೆ ಬಗ್ಗೆ ಐದಾರು ಜನ ಬರೆದ ಪೇಪರ್‌ನಲ್ಲಿ. ತಂಡದ ಪರವಾಗಿ ಸಮ್ಮೇಳನದಲ್ಲಿ ಯಾರನ್ನು ಮಾತಾಡಲು ಕಳಿಸಿದರು ಎಂಬುದರಲ್ಲಿ. ಇನ್ನು ಎಚ್-ಇಂಡೆಕ್ಸ್, ಅಂದ್ರೆ ಒಬ್ಬರ ಪೇಪರ್‌ಗಳನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದರು ಎಂಬುದರಿಂದ ಲೆಕ್ಕ ಹಾಕುವ ಅಂಕೆ. ಅದರಿಂದ ನಮ್ಮ ಕ್ಷೇತ್ರದ ಇಬ್ಬರನ್ನು ಹೋಲಿಸಲೇಬೇಡಿ. ಒಂದೇ ಪಟ್ಟಿಯಲ್ಲಿ ಹತ್ತು ವರ್ಷ ಇದ್ದವರಿಗೆಲ್ಲ ಹೆಚ್ಚು ಕಡಿಮೆ ಅದೇ ಅಂಕೆ.

ನನ್ನ ಮೊದಲ ಕೆಲಸ ಕೊಲಾಬಾದ ಲ್ಯಾಬಿನಲ್ಲಿ. ಸಿಎಂಎಸ್‌ನ ಆಯಸ್ಕಾಂತದ ಸುರುಳಿಯ ಹೊರಗೆ ಕಣಗಳ ಶಕ್ತಿ ಅಳೆಯುವ ಒಂದು ಪದರ ಇದೆ, ಹೊರ ಹ್ಯಾಡ್ರಾನ್ ಕ್ಯಾಲೊರಿಮೀಟರ್. ಅದರ ಪ್ಲಾಸ್ಟಿಕ್ ಟೈಲ್‌ಗಳು ತಯಾರಾದದ್ದು ಇಲ್ಲೇ. 10 ಮಿಲಿಮೀಟರ್ ದಪ್ಪ. ಕಣ ಹಾದುಹೋದರೆ ಟೈಲ್ ನೀಲಿಯಾಗಿ ಮಿನುಗುತ್ತದೆ. ಟೈಲಿನಲ್ಲಿ ಕೊರೆದ ಕಾಲುವೆಗೆ ತೆಳು ಫೈಬರ್ ಕೂರಿಸಬೇಕು. ಅದು ಆ ಬೆಳಕನ್ನು ಹಸಿರಾಗಿಸಿ ಹೊರಗೆ ಸಾಗಿಸುತ್ತದೆ. ತಿರುವಿನಲ್ಲಿ ಒಂಚೂರು ಜೋರಾಗಿ ಒತ್ತಿದರೂ ಫೈಬರ್ ಒಳಗೇ ಸೀಳುತ್ತದೆ. ಆಮೇಲೆ ಕಪ್ಪು ಹಾಳೆ ಸುತ್ತಬೇಕು. ಸೂಜಿಮೊನೆಯಷ್ಟು ತೂತು ಉಳಿದರೆ ಕೋಣೆಯ ಬೆಳಕೇ ಒಳಗೆ ನುಗ್ಗುತ್ತದೆ.

ಈ ಪದರ ಯಾಕೆ ಬೇಕು? ಸುರುಳಿ ದಾಟಿ ಸೋರುವ ಶಕ್ತಿಯನ್ನು ಇದು ಹಿಡಿಯುತ್ತದೆ. ಹಿಡಿಯದಿದ್ದರೆ ಲೆಕ್ಕದಲ್ಲಿ ಶಕ್ತಿ ಕಡಿಮೆ ಬಿದ್ದು, ಕಾಣದ ಹೊಸ ಕಣವೊಂದು ಅದನ್ನು ಹೊತ್ತೊಯ್ದಿದೆ ಅಂತ ಮೋಸಹೋಗಬಹುದು. ಫೈಬರ್ ಕೂರಿಸಿದ ಹುಡುಗ ಹುಡುಗಿಯರ ಹೆಸರು ಪೇಪರ್‌ನಲ್ಲಿ ಇರಲೇಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಅಷ್ಟು ಹೊತ್ತು ಸುಮ್ನೆ ಕೂತಿದ್ದ ಹುಡುಗಿ ಕೇಳಿದಳು, "ಸರ್, ಈ ಸಾವಿರದಲ್ಲಿ ನಿಮ್ಮದು ಅಂತ ಯಾವುದು?"

ಗೈಡ್ ಆಗುವವರನ್ನು ಕೇಳಬೇಕಾದದ್ದು ಇದನ್ನೇ. ನಾನು ಮೊಬೈಲ್ ತಗೊಂಡು ಒಂಬತ್ತು ಪೇಪರ್ ತೋರಿಸಿದೆ. ಒಂದೊಂದಕ್ಕೂ "ಇದರಲ್ಲಿ ಏನು ಮಾಡಿದ್ರಿ?" ಅಂತ ಕೇಳಿ ಬರೆದುಕೊಂಡಳು.

ಬುಧವಾರ ಲ್ಯಾಬಿಗೆ ಬಂದಳು. ಅಂಗೈ ಅಗಲದ ಒಂದು ಹಳೇ ಟೈಲ್ ತುಂಡನ್ನು, ವಿದ್ಯುತ್ ಸಂಕೇತವನ್ನು ಗೆರೆಯಾಗಿ ತೋರಿಸುವ ಆಸಿಲೊಸ್ಕೋಪಿಗೆ ಜೋಡಿಸಿ ಕೊಟ್ಟೆ. ಅಷ್ಟು ಜಾಗಕ್ಕೆ ಆಕಾಶದಿಂದ ಸೆಕೆಂಡಿಗೆ ಒಂದೆರಡು ಮ್ಯೂಆನ್ ಎಂಬ ಕಣಗಳು ಬೀಳುತ್ತವೆ. ಪರದೆಯ ಮೇಲೆ ಮೊದಲ ಗೆರೆ ಎದ್ದಿತು. ಅವಳು ವಾಚ್ ಬಿಚ್ಚಿ ಮೇಜಿನ ಮೇಲಿಟ್ಟು ಎಣಿಸಲು ಶುರುಮಾಡಿದಳು.