ಮುಂಬೈ ಕನ್ನಡ ಮಕ್ಕಳು, ಒತ್ತಕ್ಷರ ಮತ್ತೆ ಕ್ಲಾಸ್‌ರೂಮ್ ಗೇಮು

ಮಾಟುಂಗಾ, ವಡಾಲಾ, ಡೊಂಬಿವಲಿ ಕಡೆ ನಮ್ಮ ಮನೆಗಳಲ್ಲಿ ಮಕ್ಕಳು ಕನ್ನಡ ಚೆನ್ನಾಗೇ ಮಾತಾಡ್ತಾರೆ, ಆದ್ರೆ ಓದೋಕೆ ಕೊಟ್ರೆ ಒತ್ತಕ್ಷರ ಬಂದ ಕಡೆ ತಡವರಿಸ್ತಾರೆ, ಅದೇ ಮಕ್ಕಳು ಮೊಬೈಲಲ್ಲಿ ಇಂಗ್ಲಿಷ್ ಪದದ ಗೇಮು ಸರಾಗವಾಗಿ ಆಡ್ತಾರೆ. ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ.

ಇಂಗ್ಲಿಷಲ್ಲಿ ಓದಿಸಿ ಬರೆಸೋ ಕ್ಲಾಸ್‌ರೂಮ್ ಗೇಮು ಶುರುವಾಗಿ 50 ವರ್ಷ ದಾಟಿದೆ. 1971ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಟೀಚರ್ ಆಗೋಕೆ ಓದ್ತಿದ್ದ ಮೂವರು ಸೇರಿ ‘ಆರೆಗನ್ ಟ್ರೇಲ್’ ಅನ್ನೋ ವಲಸೆ ಪ್ರಯಾಣದ ಗೇಮ್ ಬರೆದ್ರು, ಅದು ಇತಿಹಾಸದ ಪಾಠಕ್ಕೆ ಅಂತ ಮಾಡಿದ್ದು, ಆಗ ಸ್ಕ್ರೀನೂ ಇರ್ಲಿಲ್ಲ, ಟೆಲಿಟೈಪ್ ಅನ್ನೋ ಟೈಪ್ ಯಂತ್ರದ ಕಾಗದದ ಮೇಲೆ ಸಾಲು ಸಾಲಾಗಿ ಅಕ್ಷರ ಬರ್ತಿತ್ತು, ಬೇಟೆ ಆಡ್ಬೇಕಂದ್ರೆ ‘ಬ್ಯಾಂಗ್’ ಅಂತ ತಪ್ಪಿಲ್ದೆ ಬೇಗ ಟೈಪ್ ಮಾಡ್ಬೇಕಿತ್ತು. ಅಂದ್ರೆ ಓದದೆ ಬರೆಯದೆ ಆಟ ಮುಂದೆ ಹೋಗ್ತಾನೇ ಇರ್ಲಿಲ್ಲ! 80ರ ದಶಕದಲ್ಲಿ ಬಂದ ‘ವರ್ಡ್ ಮಂಚರ್ಸ್’ ಥರದವು ಬರೀ ಡ್ರಿಲ್, ನನಗೆ ಅವು ಅಷ್ಟು ಮುಖ್ಯ ಅನ್ಸಲ್ಲ. 2009ರಲ್ಲಿ ಬಂದ ಟ್ವೈನ್ ಅನ್ನೋ ಸಾಫ್ಟ್‌ವೇರ್ ಹಾಗಲ್ಲ, ಕವಲೊಡೆಯೋ ಕತೇನ ಮಕ್ಕಳೇ ಬರೆದು ಗೇಮ್ ಮಾಡಬಹುದು.

ನಮ್ಮಲ್ಲಿ 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಯೋಜನೇಲಿ ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಕೊಡ್ತು. ಐಐಟಿ ಕಾನ್ಪುರದಲ್ಲಿ ಹುಟ್ಟಿದ ಜಿಸ್ಟ್ ತಂತ್ರಜ್ಞಾನ ಪುಣೆಯ ಸಿ-ಡ್ಯಾಕ್ ಅನ್ನೋ ಸರ್ಕಾರಿ ಕಂಪ್ಯೂಟರ್ ಸಂಸ್ಥೆಗೆ ಬಂದು ಬೆಳೀತು, ಭಾರತೀಯ ಲಿಪಿಗಳು ಪಿಸೀಲಿ ಮೂಡಿದ್ವು. 2015ರಲ್ಲಿ ಮುಂಬೈ ಮಹಾನಗರಪಾಲಿಕೆ ಎಂಟನೇ ಕ್ಲಾಸಿಗೆ ಟ್ಯಾಬ್ ಹಂಚಿತು, ಅದ್ರಲ್ಲಿ ಪಠ್ಯಪುಸ್ತಕ ತುಂಬಿಸಿದ್ರು.

ಇಷ್ಟೆಲ್ಲಾ ಆದ್ಮೇಲೂ ಕನ್ನಡದ ತೊಡಕು ಲಿಪಿ ಕೂರೋ ರೀತೀಲೇ ಇದೆ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರ್ ಲಿಪಿಗಳಿಗೆ ನಂಬರ್ ಕೊಡೋ ಯೂನಿಕೋಡ್ ಪದ್ಧತೀಲಿ ಅದು 6 ಕೋಡ್, ಸ, ಹಲಂತ (ಅಕ್ಷರದ ಸ್ವರ ತೆಗೆಯೋ ಗುರುತು), ತ, ಮತ್ತೆ ಹಲಂತ, ರ, ಕೊನೆಗೆ ದೀರ್ಘದ ಈ. ಇಂಗ್ಲಿಷಿಗೆ ಬರೆದ ಪ್ರೋಗ್ರಾಮನ್ನೇ ಇಲ್ಲಿಗೆ ತಂದು ಹಾಕಿದ್ರೆ ಗೇಮಿನ ಒಂದು ಚೌಕಕ್ಕೆ ಒಂದು ಕೋಡ್ ಅಂತ ಅಕ್ಷರಾನ ಒಡೆದು ಚೂರು ಮಾಡತ್ತೆ, ಮಗು ಸ್ಲೇಟಲ್ಲಿ ಕಲಿತಿದ್ದಕ್ಕೂ ಪರದೇಲಿ ಕಾಣೋದಕ್ಕೂ ತಾಳೇನೇ ಆಗಲ್ಲ. ನಮಗೆ ಬೇಕಾಗಿರೋದು ಕಾಗುಣಿತ ಹತ್ತಿಸಿ, ಒತ್ತು ಸೇರಿಸಿ, ಆ ಅಕ್ಷರದ ಉಚ್ಚಾರ ಆಗಲೇ ಕೇಳಿಸೋ ಗೇಮು. ಮಾತು ಗೊತ್ತಿರೋ ಮುಂಬೈ ಮಗು ಕಿವಿಗೆ ಬಿದ್ದ ತಕ್ಷಣ ಹಿಡಿಯತ್ತೆ.

ಅದು ಬರೋ ತನಕ ಟೀಚರುಗಳು ಕಾಯ್ಬೇಕಿಲ್ಲ, ಟ್ವೈನ್ ಫ್ರೀ, ಬ್ರೌಸರಲ್ಲೇ ನಡೆಯತ್ತೆ, ಕನ್ನಡ ಟೈಪ್ ಮಾಡಬಹುದು. ಲೋಕಲ್ ಟ್ರೇನಿನ ಕತೆ ಕೊಡಿ, ದಾದರಲ್ಲಿ ಇಳಿಯೋದಾ ಮುಂದೆ ಸಿಎಸ್‌ಎಂಟಿಗೆ ಹೋಗೋದಾ ಅಂತ ಎರಡು ದಾರಿ ಇಡಿ, ಒಂದು ಗುಂಪು ಬರೀಲಿ, ಇನ್ನೊಂದು ಗುಂಪು ಗಟ್ಟಿಯಾಗಿ ಓದಿ ದಾರಿ ಆರಿಸ್ಕೊಳ್ಳಲಿ.